ಊರು ಬಿಟ್ಟು ದುಡಿಯುವ ತಾಯಿ ಮತ್ತು ಕೂಸಿನ ಹಾಲು

ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್ ಎಂಬ ಹೆಸರುಗಳು ಇಂದು ನಮ್ಮ ಹಳ್ಳಿಗಳ ಜಗುಲಿಗಳಲ್ಲಿಯೂ ಕೇಳಿಬರುತ್ತವೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದಾಗ ಅವು ಬೆಂಗಳೂರಿನ ಹೊರಗಿನ ಹಳ್ಳಿಗಳಾಗಿದ್ದವು. ಇಂದು ನಗರದ ಸುತ್ತಲೂ ಕಾರ್ಖಾನೆಗಳೂ ಕಚೇರಿಗಳೂ ಅವುಗಳ ಬೆನ್ನಿಗೇ ಬಾಡಿಗೆಯ ವಠಾರಗಳೂ ಹಬ್ಬಿಕೊಂಡಿವೆ. ತುಮಕೂರು, ಮಂಡ್ಯ, ಹಾಸನ, ಚಿತ್ರದುರ್ಗ ಜಿಲ್ಲೆಗಳಿಂದಲೂ, ದೂರದ ರಾಯಚೂರು, ಯಾದಗಿರಿ, ಕಲಬುರಗಿಗಳಿಂದಲೂ ಹೊಸದಾಗಿ ಮದುವೆಯಾದ ದಂಪತಿಗಳು ಅಲ್ಲಿಗೆ ಹೋಗಿ ನೆಲೆಸುತ್ತಿದ್ದಾರೆ. ಗಂಡನು ಯಂತ್ರದ ಕೆಲಸಕ್ಕೋ ಗಾರೆಯ ಕೆಲಸಕ್ಕೋ ಹೋದರೆ, ಹೆಂಡತಿಯು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಕುಳಿತುಕೊಳ್ಳುವಳು, ಇಲ್ಲವೆ ದೊಡ್ಡ ಮನೆಗಳಲ್ಲಿ ಕೆಲಸ ಮಾಡುವಳು. ಹೆರಿಗೆಗೆಂದು ಅವಳು ತವರಿಗೆ ಬರುವಳು. ಬಾಣಂತನ ಮುಗಿದ ಮೇಲೆ ಮರಳಿ ಹೊರಡುವ ದಿನವೂ ಬರುವುದು.

ಆ ದಿನ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೂಸನ್ನು ಅಜ್ಜಿಯ ಬಳಿ ಬಿಟ್ಟು ಹೋಗುವುದೋ? ಕರೆದುಕೊಂಡು ಹೋಗಿ ವಠಾರದ ನೆರೆಯವರ ಕೈಗೆ ಡಬ್ಬಿಯ ಹಾಲಿನೊಡನೆ ಒಪ್ಪಿಸುವುದೋ? ಕೆಲಸವನ್ನೇ ಬಿಟ್ಟುಬಿಡುವುದೋ? ಸಾಮಾನ್ಯವಾಗಿ ಈ ಪ್ರಶ್ನೆಗೆ ಉತ್ತರವನ್ನು ಬಸ್ ನಿಲ್ದಾಣಕ್ಕೆ ಹೊರಡುವ ಹಿಂದಿನ ರಾತ್ರಿ ಅವಸರದಲ್ಲಿ ಕೊಡಲಾಗುತ್ತದೆ. ಎರಡು ಮೂರು ತಿಂಗಳ ಮೊದಲೇ, ಸಾಧ್ಯವಾದರೆ ಗರ್ಭಿಣಿಯಾಗಿರುವಾಗಲೇ, ಗಂಡ, ಹೆಂಡತಿ ಮತ್ತು ಮನೆಯ ಹಿರಿಯರು ಕೂಡಿ ಇದನ್ನು ಯೋಚಿಸಿದ್ದಾದರೆ, ಕೆಲಸವನ್ನೂ ಉಳಿಸಿಕೊಂಡು ಮಗುವಿಗೆ ಎದೆಹಾಲನ್ನೂ ಉಳಿಸುವ ದಾರಿ ಅನೇಕರಿಗೆ ಉಂಟು. ಆ ದಾರಿಯನ್ನು ಈ ಪಾಠದಲ್ಲಿ ತಿಳಿಸಲಾಗಿದೆ.

ಹಾಲು ಉತ್ಪತ್ತಿಯಾಗುವ ಬಗೆ

ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಿನಂತೆ ಬಳಸಿದಷ್ಟೂ ಬರಿದಾಗುವ ವಸ್ತುವಲ್ಲ; ಅದು ಊಟೆಯ ಬಾವಿಯಂತೆ. ಸೇದಿದಷ್ಟೂ ಒಸರುವುದು, ಸೇದುವುದನ್ನು ನಿಲ್ಲಿಸಿದರೆ ಒಸರೂ ನಿಲ್ಲುವುದು. ಕೂಸು ಮೊಲೆ ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಗ್ರಂಥಿಯಿಂದ ಎರಡು ರಸಗಳು ಸ್ರವಿಸುತ್ತವೆ. ಒಂದು ಹಾಲನ್ನು ತಯಾರಿಸುವುದು, ಇನ್ನೊಂದು ತಯಾರಾದ ಹಾಲನ್ನು ತೊಟ್ಟಿನ ಕಡೆಗೆ ನೂಕುವುದು. ಮೊದಲನೆಯ ರಸವು ರಾತ್ರಿಯ ವೇಳೆಯಲ್ಲಿ ಹೆಚ್ಚಾಗಿ ಬರುವುದರಿಂದ ರಾತ್ರಿ ಮೊಲೆಯೂಡಿಸುವುದು ಮರುದಿನದ ಹಾಲಿಗೆ ಆಧಾರ. ಎರಡನೆಯ ರಸವು ತಾಯಿಗೆ ಭಯ, ನೋವು, ಆತಂಕಗಳಾದಾಗ ತಡೆಯಲ್ಪಡುವುದು. "ನಿನ್ನಲ್ಲಿ ಹಾಲೇ ಇಲ್ಲ" ಎಂದು ಮನೆಯವರು ಹೀಯಾಳಿಸಿದರೆ, ಇದ್ದ ಹಾಲೂ ಇಳಿಯದೆ ಹೋಗುವುದಕ್ಕೆ ಇದೇ ಕಾರಣ. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿಗಳನ್ನು ಬಾಣಂತಿಗೆ ಕೊಡುವ ನಮ್ಮ ರೂಢಿಯನ್ನು ನಾನು ಬೇಡವೆನ್ನುವುದಿಲ್ಲ. ಆಹಾರವಾಗಿ ಅವು ಒಳ್ಳೆಯವೇ. ಆದರೆ ಕೂಸು ಚೀಪದೆ ಸೊಪ್ಪೊಂದರಿಂದಲೇ ಹಾಲು ಬರಲಾರದು.

ಹೆರಿಗೆಯಾದ ಒಂದು ಗಂಟೆಯೊಳಗೆ ಮೊಲೆಯೂಡಿಸಲು ಆರಂಭಿಸತಕ್ಕದ್ದು. ಮೊದಲ ದಿನಗಳ ಹಳದಿ ಬಣ್ಣದ ಗಿಣ್ಣುಹಾಲು ರೋಗನಿರೋಧಕ ಅಂಶಗಳಿಂದ ತುಂಬಿರುತ್ತದೆ. ಅದನ್ನು ಹಿಂಡಿ ಚೆಲ್ಲುವ ಪದ್ಧತಿ ಕೆಲವು ಕಡೆ ಇನ್ನೂ ಇರುವುದು ವಿಷಾದದ ಸಂಗತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಂದು ಗಂಟೆಯೊಳಗೆ ಎದೆಹಾಲು ಪಡೆದ ಮಕ್ಕಳು ನೂರಕ್ಕೆ 41.8 ಮಾತ್ರ, ಆರು ತಿಂಗಳೊಳಗಿನ ಕೂಸುಗಳಲ್ಲಿ ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದವು ನೂರಕ್ಕೆ 63.7. ಉಳಿದ ಕೂಸುಗಳಿಗೆ ನೀರು, ಸಕ್ಕರೆ ನೀರು, ಗ್ರೈಪ್ ವಾಟರ್, ಹಸುವಿನ ಹಾಲು, ಡಬ್ಬಿಯ ಹಾಲು ಇವುಗಳಲ್ಲಿ ಯಾವುದಾದರೊಂದು ಬೆರೆತಿರುತ್ತದೆ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಭಾಗ ನೀರೇ ಇರುವುದರಿಂದ ರಾಯಚೂರಿನ ಬೇಸಿಗೆಯಲ್ಲಿಯೂ ಆರು ತಿಂಗಳೊಳಗಿನ ಕೂಸಿಗೆ ಬೇರೆ ನೀರು ಬೇಕಿಲ್ಲ. ಒಂದು ವರ್ಷದೊಳಗೆ ಜೇನುತುಪ್ಪವನ್ನು ನೆಕ್ಕಿಸುವುದಂತೂ ಕೂಡದು. ಅದರಿಂದ ಅಪರೂಪವಾದರೂ ಪ್ರಾಣಾಂತಿಕವಾದ ವಿಷಬಾಧೆ ಉಂಟಾಗಬಹುದು.

ಹಾಲು ಸಾಲುತ್ತಿದೆಯೇ ಎಂಬ ಸಂಶಯ ಎಲ್ಲ ತಾಯಂದಿರಿಗೂ ಬರುವುದು ಸಹಜ. ಕೂಸು ಅಳುವುದೇ ಹಾಲು ಸಾಲದೆಂಬುದಕ್ಕೆ ಸಾಕ್ಷಿಯಲ್ಲ. ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ಮೂತ್ರ ಮಾಡುತ್ತಿದ್ದರೆ, ಅಂಗನವಾಡಿಯ ತಕ್ಕಡಿಯಲ್ಲಿ ತಿಂಗಳಿಗೆ ಅರ್ಧ ಕಿಲೋದಷ್ಟು ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ತಿಳಿಯತಕ್ಕದ್ದು. ಹುಟ್ಟಿದಾಗಿನ ತೂಕವು ಐದನೆಯ ತಿಂಗಳ ವೇಳೆಗೆ ಇಮ್ಮಡಿಯಾಗಬೇಕು.

ಬಾಟಲಿಯ ಲೆಕ್ಕ

ಈಗ ಡಬ್ಬಿಯ ಹಾಲಿನ ವಿಚಾರ. ಕೆಲಸಕ್ಕೆ ಹೊರಡುವ ಮನೆಯಲ್ಲಿ ಇದು ಸುಲಭವೆಂದು ತೋರುವುದು. ನಾವು ಲೆಕ್ಕ ಹಾಕಿ ನೋಡೋಣ. ಐದು ಕಿಲೋ ತೂಗುವ ಕೂಸಿಗೆ ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಬೇಕು. ಅಷ್ಟು ಹಾಲನ್ನು ಸರಿಯಾದ ಹದದಲ್ಲಿ ಕಲಸಲು ಸುಮಾರು 100 ಗ್ರಾಂ ಪುಡಿ ಬೇಕಾಗುವುದು. ಅಂದರೆ 400 ಗ್ರಾಂನ ಒಂದು ಪೊಟ್ಟಣ ನಾಲ್ಕು ದಿನಕ್ಕೆ ಮುಗಿಯುವುದು. ತಿಂಗಳಿಗೆ ಏಳೆಂಟು ಪೊಟ್ಟಣಗಳು ಬೇಕು. ಅಂಗಡಿಯಲ್ಲಿ ಒಂದು ಪೊಟ್ಟಣದ ಬೆಲೆಯನ್ನು ಕೇಳಿ, ಅದನ್ನು ಎಂಟರಿಂದ ಗುಣಿಸಿ, ಬಂದ ಮೊತ್ತವನ್ನು ಹೆಂಡತಿಯ ಸಂಬಳದ ಪಕ್ಕದಲ್ಲಿ ಬರೆದು ನೋಡಿ. ಯಜಮಾನರು ಈ ಲೆಕ್ಕವನ್ನು ತಾವೇ ಮಾಡಬೇಕೆಂದು ನನ್ನ ಅಪೇಕ್ಷೆ.

ಇಷ್ಟು ಖರ್ಚನ್ನು ತಾಳಲಾರದ ಮನೆಯಲ್ಲಿ ಏನಾಗುವುದೆಂಬುದನ್ನು ನಾವು ಆರೋಗ್ಯ ಕೇಂದ್ರದಲ್ಲಿ ಕಾಣುತ್ತಿರುತ್ತೇವೆ. ನಾಲ್ಕು ದಿನದ ಪೊಟ್ಟಣವನ್ನು ಹತ್ತು ದಿನಕ್ಕೆ ಎಳೆಯಲಾಗುವುದು. ಬಿಳಿಯ ನೀರನ್ನು ಕುಡಿದ ಕೂಸಿನ ಹೊಟ್ಟೆ ತುಂಬಿದಂತಾಗಿ ಅದು ಮಲಗಿಬಿಡುವುದು, ಮನೆಯವರು ಸಮಾಧಾನಗೊಳ್ಳುವರು. ಮೈ ಮಾತ್ರ ಬೆಳೆಯದು. ಇದರ ಮೇಲೆ ಬಾಟಲಿಯ ಕೊಳೆ. ನಿಪ್ಪಲ್‌ನ ಒಳಮೈಯನ್ನೂ ಬಾಟಲಿಯ ಕುತ್ತಿಗೆಯನ್ನೂ ತೊಳೆಯುವುದು ಎಷ್ಟು ಕಷ್ಟವೆಂಬುದನ್ನು ತೊಳೆದವರೇ ಬಲ್ಲರು. ಹತ್ತು ಮನೆಗೆ ಒಂದು ನಲ್ಲಿ ಇರುವ ವಠಾರದಲ್ಲಿ, ಟ್ಯಾಂಕರಿನ ನೀರನ್ನು ಡ್ರಮ್ಮಿನಲ್ಲಿ ತುಂಬಿಡುವಲ್ಲಿ, ದಿನಕ್ಕೆ ಎಂಟು ಸಲ ಬಾಟಲಿಯನ್ನು ಕುದಿಸುವವರು ಯಾರು? ಬಾಟಲಿಯ ಕೂಸಿಗೆ ಬೇಧಿಯು ಮತ್ತೆ ಮತ್ತೆ ಬರುವುದು ಈ ಕಾರಣದಿಂದ.

ಡಬ್ಬಿಯ ಮೇಲೆ ಗುಂಡುಮುಖದ ಮಗುವಿನ ಚಿತ್ರ ಹಾಕಿ ಮಾರುತ್ತಿದ್ದ ಕಾಲವೊಂದಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಇಂಥ ಮಾರಾಟದ ತಂತ್ರಗಳನ್ನು ತಡೆಯುವ ಸಂಹಿತೆಯೊಂದನ್ನು ಅಂಗೀಕರಿಸಿದವು. ನಮ್ಮ ದೇಶದಲ್ಲಿ 1992ರಲ್ಲಿ ಕಾಯ್ದೆಯೇ ಆಯಿತು. 2003ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಲಾಯಿತು. ಅದರಂತೆ ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರವನ್ನಾಗಲಿ ಹಾಲಿನ ಬಾಟಲಿಯನ್ನಾಗಲಿ ಜಾಹೀರಾತು ಮಾಡುವುದು ಅಪರಾಧ. ಹಾಲಿನ ಪುಡಿಯ ಡಬ್ಬಿಯ ಮೇಲೆ ತಾಯಿಯ ಅಥವಾ ಕೂಸಿನ ಚಿತ್ರ ಇರಕೂಡದು. ತಾಯಿಯ ಹಾಲೇ ಶ್ರೇಷ್ಠವೆಂಬ ಸೂಚನೆ ದೊಡ್ಡ ಅಕ್ಷರಗಳಲ್ಲಿ ಇರಲೇಬೇಕು. ಮಾರುವವನೇ ತನ್ನ ಸರಕಿನ ಮೇಲೆ ಹೀಗೆ ಬರೆದುಕೊಳ್ಳಬೇಕಾದ ವಸ್ತು ಅಂಗಡಿಯಲ್ಲಿ ಬೇರೆ ಎಷ್ಟಿವೆ?

ತಾಯಿ ತೀರಿಕೊಂಡಿದ್ದರೆ, ಅಥವಾ ಅವಳಿಗೆ ವೈದ್ಯರು ಮೊಲೆಯೂಡಿಸಬಾರದೆಂದು ಹೇಳಿದ್ದರೆ, ಹಾಲಿನ ಪುಡಿಯನ್ನು ಬಳಸಬೇಕಾಗಬಹುದು. ಆಗಲೂ ಕುದಿಸಿದ ನೀರು, ಡಬ್ಬಿಯಲ್ಲಿರುವ ಅಳತೆಯ ಚಮಚ, ಬಾಟಲಿಗೆ ಬದಲಾಗಿ ಒಳಲೆ ಅಥವಾ ಸಣ್ಣ ಲೋಟ ಎಂಬ ನಿಯಮಗಳನ್ನು ಬಿಡಕೂಡದು. ಹುಟ್ಟಿದಾಗ ತೀರ ಕಡಿಮೆ ತೂಕವಿದ್ದು ಆಸ್ಪತ್ರೆಯಲ್ಲಿರುವ ಕೂಸುಗಳಿಗಾಗಿ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ದಾನಿ ತಾಯಂದಿರ ಎದೆಹಾಲಿನ ಭಂಡಾರವೂ ಇದೆ.

ಅಜ್ಜಿಯ ಬಳಿ ಬಿಟ್ಟು ಹೋಗುವುದು

ಈ ರೂಢಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಚೀನಾ ದೇಶದ ಫೂಜಿಯಾನ್ ಪ್ರಾಂತದಿಂದ ಅಮೆರಿಕಾದ ನ್ಯೂಯಾರ್ಕ್ ನಗರಕ್ಕೆ ವಲಸೆ ಹೋಗಿ ಹೋಟೆಲುಗಳಲ್ಲಿಯೂ ಹೊಲಿಗೆಯ ಕಾರ್ಖಾನೆಗಳಲ್ಲಿಯೂ ದುಡಿದ ಅನೇಕ ದಂಪತಿಗಳು, ಅಲ್ಲಿ ಹುಟ್ಟಿದ ಕೂಸನ್ನು ಕೆಲವು ತಿಂಗಳಿಗೇ ವಿಮಾನದಲ್ಲಿ ಅಜ್ಜ ಅಜ್ಜಿಯರ ಬಳಿಗೆ ಕಳುಹಿಸಿಕೊಟ್ಟದ್ದುಂಟು. ಚೀನಾದ ಮನೆತನಗಳಲ್ಲಿಯೂ ನಮ್ಮ ಬಾಣಂತನದಂಥದೇ ಒಂದು ಪದ್ಧತಿ ಇದೆ. ಹೆತ್ತವಳು ಒಂದು ತಿಂಗಳು ಹೊರಗೆ ಹೋಗದೆ, ತಣ್ಣೀರು ಮುಟ್ಟದೆ, ಶುಂಠಿ ಹಾಕಿದ ಬಿಸಿ ಆಹಾರವನ್ನು ಉಣ್ಣುತ್ತಾ ಕೂರಬೇಕು. ತಾಯಿಯನ್ನು ಇಷ್ಟು ಜತನವಾಗಿ ನೋಡಿಕೊಳ್ಳುವ ಜನವೂ ದುಡಿಮೆಯ ಒತ್ತಡದಲ್ಲಿ ಕೂಸಿನ ಹಾಲನ್ನು ಬಿಟ್ಟುಕೊಡಬೇಕಾಯಿತು. ಡಬ್ಬಿಯ ಹಾಲನ್ನು ನಂಬಿದುದರ ಇನ್ನೊಂದು ಅಪಾಯವೂ ಅದೇ ದೇಶದಲ್ಲಿ ಕಂಡುಬಂತು. 2008ರಲ್ಲಿ ಅಲ್ಲಿ ಹಾಲಿನ ಪುಡಿಗೆ ಮೆಲಮೈನ್ ಎಂಬ ರಾಸಾಯನಿಕವನ್ನು ಬೆರೆಸಿದ್ದು ಬಯಲಾದಾಗ ಸುಮಾರು 3 ಲಕ್ಷ ಕೂಸುಗಳು ಅಸ್ವಸ್ಥಗೊಂಡಿದ್ದವು. 6 ಕೂಸುಗಳು ಸತ್ತವೆಂದು ಅಲ್ಲಿನ ಸರ್ಕಾರವೇ ಒಪ್ಪಿಕೊಂಡಿತು.

ನಮ್ಮ ಕೇಂದ್ರಕ್ಕೆ ಒಬ್ಬ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದರು. ಮಗಳು ಅಳಿಯ ಇಬ್ಬರೂ ಪೀಣ್ಯದ ಕಡೆ ಕೆಲಸಕ್ಕಿದ್ದರು. ಮೂರೂವರೆ ತಿಂಗಳಿಗೇ ತಾಯಿ ಮರಳಿ ಹೋಗಿದ್ದಳು. ಮಗು ಹುಟ್ಟಿದಾಗ 2.8 ಕಿಲೋ ಇದ್ದುದು ತಾಯಿ ಕಾರ್ಡಿನಲ್ಲಿ ದಾಖಲಾಗಿತ್ತು. ಐದೂವರೆ ತಿಂಗಳಲ್ಲಿ 5.6 ಕಿಲೋ ದಾಟಿರಬೇಕಾದದ್ದು ತಕ್ಕಡಿಯಲ್ಲಿ 4.1 ಕಿಲೋ ತೂಗಿತು. ಅಜ್ಜಿಯು ಮನೆಯ ಹಸುವಿನ ಹಾಲಿಗೆ ಎರಡು ಪಾಲು ನೀರು ಬೆರೆಸಿ ಬಾಟಲಿಯಲ್ಲಿ ಕೊಡುತ್ತಿದ್ದರು. ಹಾಲು ಗಟ್ಟಿಯಾದರೆ ಕೂಸಿಗೆ ಜೀರ್ಣವಾಗದೆಂದು ಹಿರಿಯರಿಂದ ಕೇಳಿ ಹಾಗೆ ಮಾಡಿದ್ದರು. ಎರಡು ತಿಂಗಳಲ್ಲಿ ಮೂರು ಸಲ ಬೇಧಿಯಾಗಿತ್ತು. ಆ ಅಜ್ಜಿಯನ್ನು ಗದರಿಸುವುದು ಸುಲಭವಾಗಿತ್ತು, ಆದರೆ ನ್ಯಾಯವಾಗಿರಲಿಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ಕೂಸನ್ನು ತೂಗಿದವರು ಅವರೇ. ಮಗುವನ್ನು ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಲಾಯಿತು. ತಾಯಿಯನ್ನು ಫೋನ್ ಮಾಡಿ ಕರೆಸಿ, ಬತ್ತಿದ್ದ ಎದೆಗೆ ಕೂಸನ್ನು ದಿನಕ್ಕೆ ಎಂಟು ಹತ್ತು ಸಲ ಹಿಡಿಸಿದಾಗ ಮೂರು ವಾರಗಳಲ್ಲಿ ಹಾಲು ಮರಳಿ ಬಂತು. ಬತ್ತಿದ ಹಾಲನ್ನು ಮರಳಿ ತರಬಹುದೆಂಬ ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಆ ಮೂರು ವಾರಗಳ ಸಂಬಳವನ್ನು ಅವಳಿಗೆ ಯಾರೂ ಕೊಡಲಿಲ್ಲ.

ಹಸುವಿನ ಹಾಲು ಕರುವಿಗಾಗಿ ಇರುವುದು. ಅದರಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ, ಲವಣ ಮತ್ತು ಸಸಾರಜನಕ ಹೆಚ್ಚು. ಎಳೆಯ ಕೂಸಿನ ಮೂತ್ರಪಿಂಡಗಳಿಗೆ ಅದು ಭಾರ. ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಒಸರಿ ರಕ್ತಹೀನತೆಗೂ ಕಾರಣವಾಗುವುದುಂಟು. ನೀರು ಬೆರೆಸಿದರೆ ಭಾರ ಕಡಿಮೆಯಾಗುವುದು ನಿಜ, ಪೋಷಣೆಯೂ ಅದರೊಡನೆ ಹೋಗುವುದು. ಆದುದರಿಂದ ಆರು ತಿಂಗಳೊಳಗೆ ಕೂಸನ್ನು ಬಿಟ್ಟು ಹೋಗುವ ಯೋಚನೆಯನ್ನು ಕೈಬಿಡಬೇಕೆಂದೇ ನಾನು ಸ್ಪಷ್ಟವಾಗಿ ಹೇಳುತ್ತೇನೆ. ಅಜ್ಜಿಯ ನೆರವು ಬೇಕಾದರೆ ಅಜ್ಜಿಯೇ ಕೆಲವು ತಿಂಗಳು ಬೆಂಗಳೂರಿಗೆ ಹೋಗಿ ಇರುವುದು ಲೇಸು. ಇದು ಕಷ್ಟವೆಂಬುದು ನನಗೆ ಗೊತ್ತು. ಹತ್ತು ಅಡಿಯ ಕೋಣೆಯಲ್ಲಿ ಮತ್ತೊಬ್ಬರಿಗೆ ಹಾಸಿಗೆ ಹಾಸಬೇಕು. ಊರಿನಲ್ಲಿ ದನಕರುಗಳನ್ನು ನೋಡಿಕೊಳ್ಳುವವರು ಯಾರು ಎಂಬ ಮಾತೂ ಇದೆ. ಹಾಗಿದ್ದರೂ ಮೂರು ತಿಂಗಳ ಈ ಕಷ್ಟವು ಮೇಲೆ ಹೇಳಿದ ಕಷ್ಟಕ್ಕಿಂತ ಸಣ್ಣದು.

ರಜೆಯನ್ನು ಜಾಣತನದಿಂದ ಬಳಸುವುದು

ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಗಳಿಗೆ ಸಂಬಳಸಹಿತ ಹೆರಿಗೆ ರಜೆ ಕಾನೂನಿನಿಂದ ಬಂದ ಹಕ್ಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ ರಜೆಯ ಅವಧಿ 12 ವಾರಗಳಿಂದ 26 ವಾರಗಳಿಗೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದನ್ನು ಉಳಿಸಿಕೊಳ್ಳಲಾಗಿದೆ. ಜೀವಂತವಿರುವ ಇಬ್ಬರು ಮಕ್ಕಳಿದ್ದು ಮತ್ತೆ ಹೆರಿಗೆಯಾದರೆ 12 ವಾರ ಮಾತ್ರ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಿ. 26 ವಾರಗಳಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಎಂಟೂ ವಾರಗಳನ್ನು ಮುಂಚೆಯೇ ಕಳೆದರೆ ಹೆರಿಗೆಯ ನಂತರ 18 ವಾರ, ಅಂದರೆ ನಾಲ್ಕು ತಿಂಗಳ ಚಿಲ್ಲರೆ ಉಳಿಯುವುದು. ಎರಡೇ ವಾರ ಮುಂಚೆ ತೆಗೆದುಕೊಂಡರೆ 24 ವಾರ, ಅಂದರೆ ಐದೂವರೆ ತಿಂಗಳು ಕೂಸಿನ ಜೊತೆ ಇರಬಹುದು. ಆಮೇಲೆ ಆರು ತಿಂಗಳು ತುಂಬಲು ಉಳಿಯುವುದು ಎರಡೇ ವಾರ. ಆದುದರಿಂದ ಗರ್ಭಿಣಿ ಆರೋಗ್ಯವಾಗಿದ್ದು, ಕೆಲಸ ಕುಳಿತು ಮಾಡುವಂಥದಾಗಿದ್ದರೆ, ರಜೆಯ ಬಹುಭಾಗವನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳುವುದು ವಿವೇಕ. ರಕ್ತದ ಒತ್ತಡ, ರಕ್ತಹೀನತೆ, ಅವಳಿ ಮಕ್ಕಳು ಇಂಥ ಕಾರಣಗಳಿದ್ದರೆ ಮಾತ್ರ ಈ ಲೆಕ್ಕವನ್ನು ಬದಿಗಿಟ್ಟು ವೈದ್ಯರು ಹೇಳಿದ ದಿನದಿಂದಲೇ ವಿಶ್ರಾಂತಿ ಪಡೆಯತಕ್ಕದ್ದು.

ಸಂಬಳದಲ್ಲಿ ಇಎಸ್‌ಐ ಹಣ ಕಡಿತವಾಗುತ್ತಿದ್ದರೆ ರಜೆಯ ಹಣವನ್ನು ಕೊಡುವುದು ಇಎಸ್‌ಐ ನಿಗಮ. ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನಗಳ ವಂತಿಗೆ ಸಂದಿರಬೇಕು. ಕಾರ್ಖಾನೆ ಬದಲಾಯಿಸಿದರೂ ಇಎಸ್‌ಐ ಸಂಖ್ಯೆ ಅದೇ ಇರುವುದರಿಂದ ಹೊಸ ಕಡೆ ಸೇರುವಾಗ ಹಳೆಯ ಸಂಖ್ಯೆಯನ್ನೇ ಕೊಡಿ. ಹೊಸದನ್ನು ಮಾಡಿಸಿಕೊಂಡರೆ ಹಳೆಯ ದಿನಗಳು ಲೆಕ್ಕಕ್ಕೆ ಸಿಗದೆ ತೊಂದರೆಯಾಗಬಹುದು. ಗಂಡನೊಬ್ಬನೇ ಇಎಸ್‌ಐಗೆ ಸೇರಿದ್ದರೆ ಹೆಂಡತಿಯ ಹೆರಿಗೆಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಂಥ ಕಡೆ ವೈದ್ಯಕೀಯ ನೆರವು ದೊರೆಯುವುದು, ಆದರೆ ಅವಳಿಗೆ ರಜೆಯ ಹಣ ದೊರೆಯದು.

ರಜೆ ಮುಗಿಸಿ ಬಂದ ತಾಯಿಗೆ ಮಗು 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಮೊಲೆಯೂಡಿಸುವ ಬಿಡುವು ಕೊಡಬೇಕು. ಊಟದ ಬಿಡುವು ಇದರಲ್ಲಿ ಸೇರಿಲ್ಲ. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುವಿಹಾರದ ಸೌಲಭ್ಯವಿರಬೇಕು. ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಈ ಕೋಣೆಗಳು ಬೀಗ ಹಾಕಿಕೊಂಡಿರುವ ಕಡೆಗಳೂ ಇರಬಹುದು. ಒಬ್ಬಳೇ ಕೇಳುವುದಕ್ಕಿಂತ ನಾಲ್ವರು ತಾಯಂದಿರು ಕೂಡಿ ಕೇಳಿದರೆ ಬೀಗ ತೆಗೆಯುವ ಸಂಭವ ಹೆಚ್ಚು. ಕೆಲಸಕ್ಕೆ ಸೇರುವಾಗಲೇ ಗಂಡನು ಹೋಗಿ ಶಿಶುವಿಹಾರ ಎಲ್ಲಿದೆ, ಎಷ್ಟು ತಿಂಗಳ ಕೂಸನ್ನು ಸೇರಿಸಿಕೊಳ್ಳುವರು ಎಂದು ವಿಚಾರಿಸಿಕೊಂಡು ಬಂದರೆ ಒಳ್ಳೆಯದು.

ಮನೆಗೆಲಸ ಮಾಡುವವರಿಗೂ ಗಾರೆ ಕೆಲಸಕ್ಕೆ ಹೋಗುವವರಿಗೂ ಇಂಥ ರಜೆ ಕೈಗೆ ಸಿಗುವುದಿಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಅವರಲ್ಲಿ ಗಾರೆ ಕೆಲಸದವರು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿ ಹೆರಿಗೆಯ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಮೊದಲ ಹೆರಿಗೆಗೆ ಮಾತೃವಂದನಾ ಯೋಜನೆಯ ನೆರವು ಉಂಟು. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಆರು ತಿಂಗಳವರೆಗಿನ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಪೂರ್ಣ ಊಟವಿದೆ. ಈ ಸಣ್ಣ ನೆರವುಗಳನ್ನು ಕೂಡಿಸಿಕೊಂಡು ಆರು ತಿಂಗಳು ಊರಿನಲ್ಲಿಯೇ ಉಳಿಯಲು ಸಾಧ್ಯವೇ ಎಂದು ಮೊದಲು ನೋಡಿ. ಸಾಧ್ಯವಿಲ್ಲದಿದ್ದರೆ ಮುಂದೆ ಹೇಳುವ ಕ್ರಮ ನಿಮಗೆ ಇನ್ನೂ ಅಗತ್ಯ.

ಹಾಲು ಹಿಂಡಿಟ್ಟು ಹೋಗುವ ಕ್ರಮ

ತಾಯಿಯ ಹಾಲನ್ನು ಕೈಯಿಂದ ಹಿಂಡಿ ಪಾತ್ರೆಯಲ್ಲಿ ಇಟ್ಟು, ಅವಳು ಇಲ್ಲದ ವೇಳೆಯಲ್ಲಿ ಬೇರೆಯವರು ಕೂಸಿಗೆ ಕುಡಿಸಬಹುದು. ಇದನ್ನು ಕೇಳಿದೊಡನೆ ಅನೇಕ ಅತ್ತೆಯಂದಿರು ಮುಖ ತಿರುಗಿಸುವರು. ಹಿಂಡಿದ ಹಾಲು ಹಳಸುವುದು, ದೃಷ್ಟಿ ತಾಕುವುದು, ಎದೆ ಬತ್ತುವುದು ಎಂಬ ಹೆದರಿಕೆಗಳಿವೆ. ಹಿಂಡುವುದರಿಂದ ಎದೆ ಬತ್ತದು. ಹಿಂಡದೆ ಇಡೀ ದಿನ ಬಿಗಿದುಕೊಂಡರೆ ಬತ್ತುವುದು.

ಕೆಲಸಕ್ಕೆ ಮರಳುವ ಎರಡು ವಾರ ಮೊದಲೇ ಅಭ್ಯಾಸ ಆರಂಭಿಸಿ. ಅಗಲ ಬಾಯಿಯ ಸ್ಟೀಲ್ ಲೋಟ ಅಥವಾ ಗಾಜಿನ ಪಾತ್ರೆಯನ್ನು ಮುಚ್ಚಳದೊಡನೆ ಹತ್ತು ನಿಮಿಷ ಕುದಿಸಿ ಇಟ್ಟುಕೊಳ್ಳಿ. ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಕೆಲವು ನಿಮಿಷ ಇರಿಸಿಕೊಂಡರೆ ಹಾಲು ಸಲೀಸಾಗಿ ಇಳಿಯುವುದು. ತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿನಲ್ಲಿ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳನ್ನಿಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಅನಂತರ ಎರಡು ಬೆರಳುಗಳನ್ನೂ ಕೂಡಿಸಿ ಅದುಮಿ, ಬಿಡಿ. ತೊಟ್ಟನ್ನು ಹಿಡಿದು ಎಳೆಯಬೇಡಿ. ಹಸುವನ್ನು ಕರೆದು ರೂಢಿಯಿದ್ದವರು ಮಾಡುವ ತಪ್ಪು ಇದೇ. ಬೆರಳುಗಳನ್ನು ಸುತ್ತಲೂ ಸರಿಸುತ್ತಾ, ಐದೈದು ನಿಮಿಷಕ್ಕೆ ಎದೆ ಬದಲಿಸುತ್ತಾ ಒಟ್ಟು 20ರಿಂದ 30 ನಿಮಿಷ ಹಿಂಡಿ. ಮೊದಲ ದಿನ ನಾಲ್ಕು ಹನಿ ಬಂದರೆ ಎದೆಗುಂದಬೇಡಿ. ವಾರದೊಳಗೆ ಲೋಟದ ತಳ ಮುಚ್ಚಿ ಮೇಲೇರುವುದು.

ಹಾಲು ಎಷ್ಟು ಹೊತ್ತು ಕೆಡದೆ ಇರುವುದು? ತಂಪಾದ ಕೋಣೆಯಲ್ಲಿ ಆರರಿಂದ ಎಂಟು ಗಂಟೆ ಎಂದು ಹೇಳುವ ಪುಸ್ತಕಗಳುಂಟು. ಲಗ್ಗೆರೆಯಲ್ಲಿಯೋ ಹೆಗ್ಗನಹಳ್ಳಿಯಲ್ಲಿಯೋ ಶೀಟು ಹೊದಿಸಿದ ಕೋಣೆಗೆ ಆ ಲೆಕ್ಕ ಸಲ್ಲದೆಂಬುದು ನನ್ನ ಅಭಿಪ್ರಾಯ. ಅಲ್ಲಿ ನಾಲ್ಕು ಗಂಟೆಯನ್ನೇ ಮಿತಿಯಾಗಿ ಇಟ್ಟುಕೊಳ್ಳಿ. ಮುಚ್ಚಿದ ಲೋಟವನ್ನು ತಣ್ಣೀರಿನ ಅಗಲ ಪಾತ್ರೆಯೊಳಗೆ, ಒಲೆಯಿಂದಲೂ ಬಿಸಿಲಿನಿಂದಲೂ ದೂರದಲ್ಲಿ ಇರಿಸಿ. ಫ್ರಿಜ್ ಇದ್ದರೆ ಅದರ ಒಳಭಾಗದಲ್ಲಿ, ಬಾಗಿಲಿನಲ್ಲಲ್ಲ, 24 ಗಂಟೆ ಇಡಬಹುದು. ಕುಡಿಸುವಾಗ ಲೋಟವನ್ನು ಬಿಸಿನೀರಿನ ಬಟ್ಟಲಿನಲ್ಲಿ ಇಟ್ಟು ಬೆಚ್ಚಗೆ ಮಾಡಿದರೆ ಸಾಕು. ಒಲೆಯ ಮೇಲೆ ಕಾಯಿಸಬಾರದು. ಮೇಲೆ ಕೆನೆ ಕಟ್ಟಿದ್ದರೆ ಅದು ಕೆಟ್ಟದ್ದಲ್ಲ, ಮೆಲ್ಲಗೆ ಕದಡಿ ಬೆರೆಸಿ. ಕೂಸು ಕುಡಿದು ಬಿಟ್ಟ ಎಂಜಲು ಹಾಲನ್ನು ಮತ್ತೆ ಇಡಬೇಡಿ.

ಎಂಟು ಗಂಟೆ ತಾಯಿ ಇಲ್ಲದಿದ್ದರೆ ಕೂಸಿಗೆ ಸುಮಾರು 250ರಿಂದ 300 ಮಿಲಿಲೀಟರ್ ಬೇಕಾಗುವುದು. ಬೆಳಿಗ್ಗೆ 9ಕ್ಕೆ ಕೆಲಸ ಎಂದುಕೊಳ್ಳೋಣ. ನಸುಕಿನಲ್ಲಿ ಎದ್ದು ಒಂದು ಎದೆಯನ್ನು ಊಡಿಸಿ, ಇನ್ನೊಂದನ್ನು ಹಿಂಡಿದರೆ ಹಾಲು ಧಾರಾಳವಾಗಿ ಬರುವುದು. ಹೊರಡುವ ಮುನ್ನ ಮತ್ತೊಮ್ಮೆ ಊಡಿಸಿ, ಉಳಿದದ್ದನ್ನು ಹಿಂಡಿಡಿ. ನಸುಕಿನ ಹಾಲನ್ನು ಮೊದಲು, ಹೊರಡುವಾಗಿನ ಹಾಲನ್ನು ಆಮೇಲೆ ಕುಡಿಸುವಂತೆ ನೋಡಿಕೊಳ್ಳುವವರಿಗೆ ಹೇಳಿ; ಇವು ಮಧ್ಯಾಹ್ನದವರೆಗೆ ಆಗುವುವು. ಊಟದ ಬಿಡುವಿನಲ್ಲಿ ತಾಯಿ ಮನೆಗೆ ಬರಬೇಕು, ಇಲ್ಲವೆ ಕೂಸನ್ನು ಅವಳ ಬಳಿಗೆ ಕರೆದೊಯ್ಯಬೇಕು. ಆದುದರಿಂದಲೇ ಬಾಡಿಗೆ ನೂರಿನ್ನೂರು ರೂಪಾಯಿ ಹೆಚ್ಚಾದರೂ ಕೆಲಸದ ಕಡೆಗೆ ಹತ್ತು ನಿಮಿಷದಲ್ಲಿ ನಡೆದು ಹೋಗುವಂಥ ಮನೆಯನ್ನು ಹುಡುಕುವುದು ಗಂಡನ ಪಾಲಿನ ಮುಖ್ಯ ಕೆಲಸ. ಅದು ಆಗದಿದ್ದರೆ ಮಧ್ಯಾಹ್ನ ಕಾರ್ಖಾನೆಯಲ್ಲಿಯೇ ಶುಚಿಯಾದ ಕೋಣೆಯಲ್ಲಿ ಹಿಂಡಿ, ಅಲ್ಲಿ ಫ್ರಿಜ್ ಇದ್ದರೆ ಇರಿಸಿ, ಸಂಜೆ ಐಸ್ ಇಟ್ಟ ಡಬ್ಬಿಯಲ್ಲಿ ಮನೆಗೆ ತರಬಹುದು. ಮನೆಯಲ್ಲಿಯೂ ಫ್ರಿಜ್ ಇದ್ದರೆ ಮರುದಿನಕ್ಕೆ ಬರುವುದು. ಯಾವ ಅನುಕೂಲವೂ ಇಲ್ಲದಿದ್ದರೆ ಹಿಂಡಿ ಚೆಲ್ಲಬೇಕಾದರೂ ಹಿಂಡಲೇಬೇಕು. ಇಲ್ಲವಾದರೆ ಹಾಲು ಕಟ್ಟಿಕೊಂಡು ಎದೆ ಬಾತು ಜ್ವರ ಬರುವುದು. ಸಂಜೆ ಮನೆಗೆ ಬಂದೊಡನೆ ಅಡುಗೆಗೆ ಹೋಗದೆ ಮೊದಲು ಕೂಸನ್ನು ಎತ್ತಿಕೊಳ್ಳಿ. ಆ ಅರ್ಧ ಗಂಟೆ ಒಲೆಯ ಮುಂದೆ ಗಂಡನು ನಿಲ್ಲಬಹುದು.

ಹಿಂಡಿದ ಹಾಲನ್ನು ಒಳಲೆಯಿಂದಲೋ ಸಣ್ಣ ಲೋಟದಿಂದಲೋ ಕುಡಿಸತಕ್ಕದ್ದು. ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಲೋಟದ ಅಂಚನ್ನು ಕೆಳತುಟಿಗೆ ತಾಕಿಸಿದರೆ ಅದು ತಾನೇ ನೆಕ್ಕಿ ಕುಡಿಯುವುದು. ಬಾಯೊಳಗೆ ಸುರಿಯಬೇಡಿ. ಬಾಟಲಿಗೆ ರೂಢಿಯಾದ ಕೂಸು ಸಂಜೆ ಎದೆಗೆ ಬಾಯಿ ಹಾಕಲು ಹಟ ಮಾಡುವುದುಂಟು. ಒಳಲೆಯಲ್ಲಿ ಆ ತೊಂದರೆ ಕಡಿಮೆ. ಒಳಲೆಯಲ್ಲಿ ಮೂಲೆಯಿಲ್ಲ, ಕುತ್ತಿಗೆಯಿಲ್ಲ. ಒಂದು ಸಲ ಉಜ್ಜಿ ಕುದಿಸಿದರೆ ಶುಚಿಯಾಗುವುದು. ನಮ್ಮ ಅಜ್ಜಿಯಂದಿರ ಕಾಲದ ಈ ಪಾತ್ರೆಯನ್ನು ಇಂದು ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳಲ್ಲಿಯೂ ಬಳಸುತ್ತಾರೆ.

ಆರು ತಿಂಗಳ ನಂತರ

ಆರು ತಿಂಗಳು ತುಂಬಿದೊಡನೆ ದಾರಿ ಸುಗಮವಾಗುವುದು. ತಾಯಿ ಇಲ್ಲದ ವೇಳೆಗೆ ರಾಗಿ ಸರಿ, ಹೆಸರುಬೇಳೆ ಬೆರೆಸಿ ಮೆತ್ತಗೆ ಬೇಯಿಸಿದ ಅನ್ನ, ಕಿವುಚಿದ ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಸೊಪ್ಪು ತರಕಾರಿಗಳು ಆಗುವುವು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಜರಡಿ ಹಿಡಿದ ಹಿಟ್ಟನ್ನು ಊರಿನಿಂದ ಹೊರಡುವಾಗಲೇ ಕಟ್ಟಿಕೊಂಡು ಹೋಗಿ. ಅಂಗಡಿಯ ಡಬ್ಬಿ ಆಹಾರಕ್ಕೆ ಹಣ ಸುರಿಯಬೇಕಾಗಿಲ್ಲ. ಸರಿಯು ಚಮಚದಿಂದ ಜಾರದಷ್ಟು ಗಟ್ಟಿಯಾಗಿರಬೇಕು. ಒಂದು ಚಮಚ ತುಪ್ಪ ಬೆರೆಸಿ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ. ಆರು ತಿಂಗಳಿನಿಂದ ವಾರಕ್ಕೆ ಎರಡು ಸಲ ಕೊಡುವ ಕಬ್ಬಿಣದ ಸಿರಪ್ ಆಶಾ ಕಾರ್ಯಕರ್ತೆಯರಲ್ಲಿ ದೊರೆಯುವುದು. ಬೆಳಗು, ಸಂಜೆ, ರಾತ್ರಿಗಳಲ್ಲಿ ಎದೆಹಾಲು ಎರಡು ವರ್ಷ ತುಂಬುವವರೆಗೂ ಅದಕ್ಕೂ ಮುಂದೆಯೂ ನಡೆಯಲಿ.

ಬೆಂಗಳೂರಿಗೆ ಹೋಗುವಾಗ ತಾಯಿ ಕಾರ್ಡನ್ನು ಪೆಟ್ಟಿಗೆಯ ತಳದಲ್ಲಿ ಇಡದೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಚುಚ್ಚುಮದ್ದಿನ ಮುಂದಿನ ಕಂತನ್ನು ಅಲ್ಲಿನ ಆರೋಗ್ಯ ಕೇಂದ್ರದಲ್ಲಿಯೂ ಉಚಿತವಾಗಿ ಹಾಕುವರು. ಕೂಸಿಗೆ ಬೇಧಿಯಾದರೆ ಎದೆಹಾಲನ್ನು ನಿಲ್ಲಿಸಬೇಡಿ. ಓಆರ್‌ಎಸ್ ದ್ರಾವಣವನ್ನೂ, ವೈದ್ಯರು ಹೇಳಿದ ಪ್ರಮಾಣದಲ್ಲಿ 14 ದಿನ ಜಿಂಕ್ ಮಾತ್ರೆಯನ್ನೂ ಕೊಡಿ. ಕೂಸು ಹಾಲು ಕುಡಿಯದೆ ಮಂಕಾಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮಲದಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂದಿನ ಮಗುವಿನ ಅಂತರ

ಎದೆಹಾಲು ಕೊಡುತ್ತಿರುವಾಗ ಗರ್ಭ ನಿಲ್ಲದೆಂಬ ನಂಬಿಕೆ ಹಳ್ಳಿಗಳಲ್ಲಿ ವ್ಯಾಪಕವಾಗಿದೆ. ಇದರಲ್ಲಿ ಸತ್ಯಾಂಶ ಉಂಟು, ಆದರೆ ಮೂರು ನಿಬಂಧನೆಗಳ ಮೇಲೆ. ಕೂಸಿಗೆ ಆರು ತಿಂಗಳು ತುಂಬಿರಬಾರದು. ಹಗಲೂ ರಾತ್ರಿಯೂ ಎದೆಹಾಲನ್ನು ಮಾತ್ರ ಕೊಡುತ್ತಿರಬೇಕು. ಮುಟ್ಟು ಮರಳಿ ಬಂದಿರಬಾರದು. ಮೂರೂ ಇದ್ದಲ್ಲಿ ನೂರಕ್ಕೆ 98 ಭಾಗ ರಕ್ಷಣೆ ದೊರೆಯುವುದು. ಮಧ್ಯೆ ಡಬ್ಬಿಯ ಹಾಲು ಸೇರಿದೊಡನೆ ಈ ರಕ್ಷಣೆ ಸಡಿಲವಾಗುವುದು. ಮುಟ್ಟು ಬರುವ ಮುನ್ನವೇ ಗರ್ಭ ನಿಲ್ಲಬಹುದು. ಕೆಲಸಕ್ಕೆ ಹೋಗುತ್ತಾ ಹಾಲು ಹಿಂಡಿಟ್ಟು ಕುಡಿಸುವ ತಾಯಿಗೂ ಕೂಸು ನೇರವಾಗಿ ಚೀಪುವ ಹೊತ್ತು ಕಡಿಮೆಯಾಗುವುದರಿಂದ ರಕ್ಷಣೆ ಪೂರ್ಣವಾಗಿರದು. ಆದುದರಿಂದ ಮರಳಿ ಕೆಲಸಕ್ಕೆ ಹೊರಡುವ ತಾಯಿಯು ಇದನ್ನೇ ನೆಚ್ಚಿಕೊಳ್ಳದೆ ಬೇರೊಂದು ವಿಧಾನವನ್ನು ಆರಿಸಿಕೊಂಡೇ ಬಸ್ ಹತ್ತತಕ್ಕದ್ದು.

ಹೆರಿಗೆಯಾದ 48 ಗಂಟೆಯೊಳಗೆ, ಅಥವಾ ಆರು ವಾರಗಳ ನಂತರ, ಕಾಪರ್-ಟಿ ಹಾಕಿಸಿಕೊಳ್ಳಬಹುದು; ಹಾಲಿಗೆ ಅದರಿಂದ ಬಾಧೆಯಿಲ್ಲ. ಆರು ವಾರಗಳ ನಂತರ ಮೂರು ತಿಂಗಳಿಗೊಮ್ಮೆ ಅಂತರ ಚುಚ್ಚುಮದ್ದನ್ನು ಪಡೆಯಬಹುದು. ಛಾಯಾ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಮ್ಮೆ ನುಂಗಬೇಕು. ಇದೂ ಮೊಲೆಯೂಡಿಸುವವರಿಗೆ ಸಲ್ಲುವುದು. ಮಾಲಾ-ಎನ್ ಮಾತ್ರೆಯು ಹಾಲನ್ನು ಕಡಿಮೆ ಮಾಡಬಹುದಾದ್ದರಿಂದ ಎದೆಹಾಲು ಕೊಡುವ ತಾಯಂದಿರಿಗೆ ಆರು ತಿಂಗಳೊಳಗೆ ಬೇಡ. ನಿರೋಧ್ ಬಳಸುವ ಗಂಡನಿಗೆ ಈ ಯಾವ ಲೆಕ್ಕವೂ ಬೇಕಿಲ್ಲ. ಅಂತರ ಚುಚ್ಚುಮದ್ದನ್ನು ಊರಿನಲ್ಲಿ ಆರಂಭಿಸಿದವರು ಅದರ ಕಾರ್ಡನ್ನೂ ತಾಯಿ ಕಾರ್ಡಿನೊಡನೆ ಇಟ್ಟುಕೊಂಡು ಹೋಗಿ, ಮುಂದಿನ ಚುಚ್ಚುಮದ್ದಿನ ದಿನಾಂಕವನ್ನು ವಠಾರಕ್ಕೆ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ.